ತಡಮಾಡಿದ್ದೆಲ್ಲ ಪ್ರೀತಿಯಲ್ಲ

ಬೇಸಿಗೆಯ ಹಬ್ಬದ ರಾತ್ರಿ. ಹುಡುಗಿ ಯುಕಾತಾ ಉಟ್ಟು ಬಂದಿದ್ದಾಳೆ. ಏಳೆಂಟು ಸಂಪುಟಗಳಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತನ್ನು ಹುಡುಗ ಕೊನೆಗೂ ಆಡಿಬಿಡುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಆಕಾಶದಲ್ಲಿ ಬಾಣಬಿರುಸು ಸಿಡಿಯುತ್ತದೆ. ‘ಏನೋ ಅಂದೆಯಲ್ಲ?’ ಎನ್ನುತ್ತಾಳೆ ಅವಳು. ‘ಏನಿಲ್ಲ ಬಿಡು’ ಎನ್ನುತ್ತಾನೆ ಅವನು. ಉಳಿದದ್ದು ಮುಂದಿನ ವಾರ.

ಜಪಾನಿನ ಪ್ರೇಮ ಮಂಗಾಗಳನ್ನು ನಾಲ್ಕಾರು ಓದಿದವರು ಈ ಪುಟವನ್ನು ಕಣ್ಣು ಮುಚ್ಚಿಕೊಂಡೇ ಬಿಡಿಸಬಲ್ಲರು. ಬಾಣಬಿರುಸು ಇಲ್ಲದಿದ್ದರೆ ಹಾದುಹೋಗುವ ರೈಲು, ರೈಲು ಇಲ್ಲದಿದ್ದರೆ ಬಾಗಿಲು ತಳ್ಳಿಕೊಂಡು ಬರುವ ಗೆಳೆಯ, ಅವನೂ ಇಲ್ಲದಿದ್ದರೆ ಜ್ವರ. ಅಭಿಮಾನಿಗಳು ಇದಕ್ಕೆ ‘ಸ್ಲೋ ಬರ್ನ್’ ಎಂಬ ಗೌರವದ ಹೆಸರು ಕೊಟ್ಟಿದ್ದಾರೆ. ಸಣ್ಣ ಉರಿಯಲ್ಲಿ ಬೇಯುವ ಪ್ರೀತಿಯಂತೆ. ಸಣ್ಣ ಉರಿಯಲ್ಲಿ ಬೇಯಿಸುವುದಕ್ಕೂ, ಒಲೆಯನ್ನೇ ಹೊತ್ತಿಸದೆ ಪಾತ್ರೆಯ ಮುಚ್ಚಳ ತೆಗೆದು ತೆಗೆದು ನೋಡುವುದಕ್ಕೂ ವ್ಯತ್ಯಾಸವಿದೆ. ಈ ಪ್ರಕಾರದ ಬಹುಪಾಲು ಜನಪ್ರಿಯ ಸರಣಿಗಳು ಮಾಡುವುದು ಎರಡನೆಯದನ್ನು. ಓದುಗರು ಅದನ್ನು ತಾಳ್ಮೆ ಎಂದು ಒಪ್ಪಿಕೊಂಡು ಚಪ್ಪಾಳೆ ತಟ್ಟುತ್ತಿರುವುದೇ ಇಲ್ಲಿನ ತಕರಾರು.

‘ನಿಸೆಕೋಯಿ’ಯನ್ನೇ ತೆಗೆದುಕೊಳ್ಳಿ. ನಾವೊಶಿ ಕೋಮಿ ಬರೆದ ಇದು 2011ರಿಂದ 2016ರವರೆಗೆ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಬಂತು. ಒಟ್ಟು 25 ಸಂಪುಟ. ರಾಕು ಎಂಬ ಹುಡುಗನ ಕೊರಳಲ್ಲಿ ಬೀಗವಿರುವ ಒಂದು ಪದಕ. ಹತ್ತು ವರ್ಷದ ಹಿಂದೆ ಒಬ್ಬ ಹುಡುಗಿಗೆ ಅವನು ಮಾತು ಕೊಟ್ಟಿದ್ದಾನೆ, ಕೀಲಿ ಅವಳ ಬಳಿ ಇದೆ. ಅವಳು ಯಾರು? ಕೀಲಿ ಹಿಡಿದುಕೊಂಡು ಒಬ್ಬಳಾದ ಮೇಲೆ ಒಬ್ಬಳು ಬರುತ್ತಾಳೆ. ಒಮ್ಮೆ ಬೀಗದೊಳಗೇ ಕೀಲಿ ಮುರಿದುಹೋಗುತ್ತದೆ! ಕಥೆಗಾರನೇ ತನ್ನ ಕಥೆಯ ಬಾಗಿಲಿಗೆ ಇಷ್ಟು ನಾಚಿಕೆಯಿಲ್ಲದೆ ಅಡ್ಡ ನಿಂತ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಕೊನೆಯಲ್ಲಿ ತಿಳಿಯುವುದು ಇಷ್ಟು: ಮಾತು ಕೊಟ್ಟದ್ದು ಒನೊದೆರಾಗೆ, ರಾಕು ಆರಿಸಿಕೊಳ್ಳುವುದು ಚಿತೋಗೆಯನ್ನು. ಹಳೆಯ ಮಾತಿಗಿಂತ ಈಗಿನ ಮನಸ್ಸು ದೊಡ್ಡದು ಎಂಬ ತೀರ್ಮಾನವೇನೋ ಒಳ್ಳೆಯದೇ. ಆದರೆ ಹಾಗಿದ್ದರೆ ಆ ಬೀಗ ಐದು ವರ್ಷ ಮಾಡಿದ್ದೇನು? ಪುಟ ತುಂಬಿಸಿತು. ಒನೊದೆರಾ ಎಂಬ ಸೌಮ್ಯ ಹುಡುಗಿ ಅಷ್ಟೂ ವರ್ಷ ಬಾಯಿಬಿಡದೆ ನಿಂತಳು, ಅವಳ ಮೌನವನ್ನು ಕಥೆ ಸೌದೆಯಂತೆ ಉರಿಸಿಕೊಂಡಿತು.

ಇದರ ಹಿಂದೆ ಕಲೆಗಿಂತ ಹೆಚ್ಚಾಗಿ ಕಾರ್ಖಾನೆಯ ಲೆಕ್ಕವಿದೆ. ಜಂಪ್‌ನಂಥ ವಾರಪತ್ರಿಕೆಯಲ್ಲಿ ಒಂದು ಕಂತು ಹೆಚ್ಚುಕಡಿಮೆ ಇಪ್ಪತ್ತು ಪುಟ. ಓದುಗರು ತಮಗೆ ಹಿಡಿಸಿದ ಕಥೆಗಳನ್ನು ಗುರುತಿಸಿ ಕಾರ್ಡು ಕಳಿಸುತ್ತಾರೆ. ಆ ಎಣಿಕೆಯಲ್ಲಿ ಹಿಂದೆ ಬಿದ್ದ ಸರಣಿ ಕೆಲವೇ ತಿಂಗಳಲ್ಲಿ ಮುಗಿಯಬಹುದು. ಗೆದ್ದ ಸರಣಿಯನ್ನು ಮುಗಿಸಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ಹುಡುಗ ‘ನೀನಂದ್ರೆ ಇಷ್ಟ’ ಎಂದು ಹೇಳಿದರೆ ಅಂಗಡಿ ಮುಚ್ಚಬೇಕಾದೀತು ಎಂಬ ಭಯ. ‘ರೆಂಟ್-ಎ-ಗರ್ಲ್‌ಫ್ರೆಂಡ್’ 2017ರಲ್ಲಿ ಶುರುವಾಗಿ ನೂರಾರು ಅಧ್ಯಾಯ ಓಡಿತು. ಅದರ ನಾಯಕ ಅಜ್ಜಿಯ ಮುಂದೆ ಆಡಿದ ಒಂದು ಸುಳ್ಳನ್ನು ಸರಿಪಡಿಸಲು ಐದು ನಿಮಿಷ ಸಾಕು. ಆ ಐದು ನಿಮಿಷ ಮಾತ್ರ ಅವನಿಗೆ ಸಿಗುವುದೇ ಇಲ್ಲ.

‘ಸುಧಾ’, ‘ತರಂಗ’ಗಳ ಧಾರಾವಾಹಿ ಓದಿ ಬೆಳೆದ ಮನೆಗಳಿಗೆ ‘ಮುಂದುವರಿಯುವುದು’ ಎಂಬ ಪದದ ರುಚಿಯೂ ಗೊತ್ತು, ಮೋಸವೂ ಗೊತ್ತು. ಸಂಜೆ ಏಳರ ಟಿವಿ ಧಾರಾವಾಹಿಯಲ್ಲಿ ಸೊಸೆ ಒಂದು ಕಾಗದ ಓದಲು ಎರಡು ವಾರ ತೆಗೆದುಕೊಂಡಾಗ ನಗುವ ಅದೇ ಮಕ್ಕಳು, ಪುಣೆಯ ಪಿಜಿಯಲ್ಲೋ ಹೈದರಾಬಾದಿನ ಹಾಸ್ಟೆಲಿನಲ್ಲೋ ಕೂತು, ಮೊಬೈಲಿನಲ್ಲಿ ಅದೇ ತಂತ್ರವನ್ನು ಎಷ್ಟು ಸೂಕ್ಷ್ಮ ಎಂದು ಮೆಚ್ಚುವುದು ತಮಾಷೆಯಾಗಿದೆ.

ತಡವೇ ತಪ್ಪು ಎಂಬ ವಾದವಲ್ಲ ಇದು. ರುಮಿಕೊ ತಕಾಹಾಶಿಯವರ ‘ಮೇಜಾನ್ ಇಕ್ಕೋಕು’ 1980ರಿಂದ 1987ರವರೆಗೆ ನಡೆದ ಕಥೆ, 15 ಸಂಪುಟ. ಅಲ್ಲಿಯೂ ಗೊದಾಯಿ ತನ್ನ ಮನಸ್ಸು ತಲುಪಿಸಲು ವರ್ಷಗಟ್ಟಲೆ ಒದ್ದಾಡುತ್ತಾನೆ, ಅಲ್ಲಿಯೂ ಅಪಾರ್ಥಗಳ ಸಾಲೇ ಇದೆ. ಆದರೆ ಅವನು ಪ್ರೀತಿಸುವ ಕ್ಯೋಕೊ ವಿಧವೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಸೋಇಚಿರೊ ತೀರಿಕೊಂಡಿದ್ದಾನೆ. ಅವಳ ನಾಯಿಗೂ ಅದೇ ಹೆಸರು. ದಿನಕ್ಕೆ ಹತ್ತು ಸಲ ಸತ್ತವನ ಹೆಸರು ಹಿಡಿದು ನಾಯಿಯನ್ನು ಕರೆಯುವ ಹೆಂಗಸು ಇನ್ನೊಬ್ಬನಿಗೆ ‘ಹೂಂ’ ಎನ್ನಲು ಏಳು ವರ್ಷ ತೆಗೆದುಕೊಂಡರೆ ಅದನ್ನು ಎಳೆದಾಟ ಎನ್ನಲಾಗದು. ಗೊದಾಯಿಗೂ ಆ ವರ್ಷಗಳು ಬೇಕು. ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ ಹುಡುಗನಾಗಿ ಬಂದವನು ಕಾಲೇಜು ಸೇರಿ, ಕೆಲಸ ಸಿಗದೆ ಅಲೆದು, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನೆಲೆ ಕಾಣುತ್ತಾನೆ. ಕೊನೆಗೆ ಸೋಇಚಿರೊನ ಸಮಾಧಿಯ ಮುಂದೆ ನಿಂತು, ಅವಳ ನೆನಪಿನಲ್ಲಿರುವ ನಿನ್ನನ್ನೂ ಸೇರಿಸಿಯೇ ಅವಳನ್ನು ಕರೆದೊಯ್ಯುತ್ತೇನೆ ಎಂಬರ್ಥದ ಮಾತಾಡುತ್ತಾನೆ. ಆ ಮಾತು ಮೂರನೇ ಸಂಪುಟದಲ್ಲಿ ಬಂದಿದ್ದರೆ ಬರೀ ಡೈಲಾಗ್ ಆಗುತ್ತಿತ್ತು.

ತಕಾಹಾಶಿ ಅದು ಮುಗಿದ ವರ್ಷವೇ ಶುರು ಮಾಡಿದ ‘ರಾನ್ಮಾ 1/2’ ಇದಕ್ಕೆ ತದ್ವಿರುದ್ಧ. ತಣ್ಣೀರು ಬಿದ್ದರೆ ಹುಡುಗಿಯಾಗುವ ಹುಡುಗ, ಅವನಿಗೆ ಗೊತ್ತುಮಾಡಿದ ಅಕಾನೆ, 38 ಸಂಪುಟ. ಕೊನೆಯಲ್ಲಿ ಮದುವೆ ಗಲಾಟೆಯಲ್ಲಿ ಮುರಿದು ಇಬ್ಬರೂ ಮತ್ತೆ ಸ್ಕೂಲಿಗೆ ಓಡುತ್ತಾರೆ. ನಗಿಸಿದ್ದು ನಿಜ. ಅದು ಪ್ರೇಮಕಥೆಯ ವೇಷ ಹಾಕಿದ ಹೊಡೆದಾಟದ ಹಾಸ್ಯ, ಬೇರೇನೂ ಆಗಿರುವುದಾಗಿ ಹೇಳಿಕೊಳ್ಳುವುದೂ ಇಲ್ಲ. ತೊಂದರೆ ಇರುವುದು ರಾನ್ಮಾದ ಯಂತ್ರವನ್ನು ಎರವಲು ತಂದು ಅದಕ್ಕೆ ಇಕ್ಕೋಕುವಿನ ಕಣ್ಣೀರನ್ನು ಲೇಪಿಸುವವರಲ್ಲಿ.

ಒಪ್ಪಿಗೆಯಾದ ಮೇಲೆ ಹೇಳಲು ಏನೂ ಉಳಿಯುವುದಿಲ್ಲ ಎಂಬುದು ಈ ಧಂದೆಯ ದೊಡ್ಡ ಮೂಢನಂಬಿಕೆ. ಕರುಹೊ ಶೀನಾ ಬರೆದ ‘ಕಿಮಿ ನಿ ತೊದೊಕೆ’ 30 ಸಂಪುಟಗಳ ಸರಣಿ. ಭೂತದ ಸಿನಿಮಾದ ಹೆಣ್ಣಿನಂತೆ ಕಾಣುತ್ತಾಳೆಂದು ತರಗತಿಯವರೆಲ್ಲ ದೂರವಿಟ್ಟ ಸವಾಕೊ, ಎಲ್ಲರಿಗೂ ಬೇಕಾದ ಕಝೆಹಾಯಾ. ಇಬ್ಬರೂ ಮನಸ್ಸು ಬಿಚ್ಚುವುದು ಸರಣಿಯ ಸುಮಾರು ಮೂರನೇ ಒಂದು ಭಾಗದಲ್ಲೇ. ಆಮೇಲೆ ಶುರುವಾಗುವುದು ನಿಜವಾದ ಫಜೀತಿ: ಮೆಚ್ಚಿದವನ ಮುಂದೆ ಸಹಜವಾಗಿ ಇರುವುದು ಹೇಗೆ, ಅವನು ತನ್ನ ಬಗ್ಗೆ ಇಟ್ಟುಕೊಂಡ ಚಿತ್ರಕ್ಕೆ ತಾನು ಸಮನೇ, ಶಾಲೆ ಮುಗಿದ ಮೇಲೆ ಯಾರು ಯಾವ ದಾರಿ ಹಿಡಿಯುವುದು. ‘ಕಾಗುಯಾ-ಸಾಮಾ’ ಇನ್ನೂ ಚುರುಕು. ಮೊದಲು ಬಾಯಿಬಿಟ್ಟವರು ಸೋತಂತೆ ಎಂದು ನಂಬಿದ ಇಬ್ಬರು ಜಾಣರ ಯುದ್ಧ ಅದು. ಮೌನವನ್ನೇ ಗೆಲುವು ಎಂದುಕೊಳ್ಳುವ ಈ ಇಡೀ ಪ್ರಕಾರದ ಗೇಲಿ. 28 ಸಂಪುಟಗಳ ಸರಿಸುಮಾರು ನಡುವಿನಲ್ಲೇ ಅವರು ಆ ಆಟ ಮುಗಿಸುತ್ತಾರೆ. ಹಾಗೆಂದು ಅಂಗಡಿ ಮುಚ್ಚಲಿಲ್ಲ.

ಇನ್ನು ಫ್ಯಾಂಟಸಿ. ಶಾಪ, ಮಂತ್ರ, ಬೇರೆ ಲೋಕ ಸಿಕ್ಕರೆ ತಡಮಾಡಲು ಇನ್ನಷ್ಟು ನೆಪ ಸಿಕ್ಕಂತೆ ಎಂದು ತೋರಬಹುದು. ಒಳ್ಳೆಯ ಕೈಗೆ ಸಿಕ್ಕರೆ ಅದೇ ಫ್ಯಾಂಟಸಿ ನೆಪಗಳನ್ನು ಗುಡಿಸಿಹಾಕುತ್ತದೆ. ನತ್ಸುಕಿ ತಕಾಯಾರ ‘ಫ್ರೂಟ್ಸ್ ಬಾಸ್ಕೆಟ್’ನಲ್ಲಿ (1998–2006, 23 ಸಂಪುಟ) ಸೊಹ್ಮಾ ಮನೆತನದ ಹದಿಮೂರು ಜನ ಬೇರೆ ಲಿಂಗದವರು ಅಪ್ಪಿಕೊಂಡರೆ ಇಲಿ, ಹುಲಿ, ಬೆಕ್ಕು ಆಗಿಬಿಡುತ್ತಾರೆ. ಮೊದಲ ಸಂಪುಟಗಳಲ್ಲಿ ಇದು ನಗೆಯ ಸರಕು. ಓದುತ್ತ ಹೋದಂತೆ ಗೊತ್ತಾಗುವುದು, ಶಾಪ ಎಂದರೆ ಮನೆ: ಯಜಮಾನಿಕೆ, ಭಯ, ಹುಟ್ಟಿದ ಕ್ಷಣವೇ ಹಣೆಗೆ ಅಂಟಿಸಿದ ಪಾತ್ರ. ತೊಹ್ರು ಮತ್ತು ಕ್ಯೋ ನಡುವೆ ಅಡ್ಡ ಬರುವುದು ಬಾಣಬಿರುಸಲ್ಲ, ಬೆಕ್ಕಿನ ಪಾಲಿಗೆಂದೇ ಮನೆತನ ಕಾದಿರಿಸಿದ ಅವಮಾನ. ಮನೆತನದ ಹೆಸರಿನಲ್ಲಿ ಮದುವೆಗಳು ಮುರಿಯುವುದನ್ನು ಕಂಡ ನಾಡಿನ ಓದುಗರಿಗೆ ಈ ಪ್ರಾಣಿಗಳ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ‘ಫ್ರೀರೆನ್’. ಕನೆಹಿತೊ ಯಮದಾ ಬರೆದು ತ್ಸುಕಾಸಾ ಅಬೆ ಚಿತ್ರಿಸಿದ ಇದು 2020ರಲ್ಲಿ ಶುರುವಾಯಿತು. ರಾಕ್ಷಸ ರಾಜನನ್ನು ಕೊಂದು ಹತ್ತು ವರ್ಷದ ಪಯಣ ಮುಗಿಸಿ ಬಂದ ವೀರರಿಂದ ಕಥೆ ತೆರೆಯುತ್ತದೆ. ಬೇರೆಯವರು ಎಲ್ಲಿ ಮುಗಿಸುತ್ತಾರೋ ಅಲ್ಲಿ. ಫ್ರೀರೆನ್ ಎಲ್ಫ್, ಸಾವಿರ ವರ್ಷ ದಾಟಿದವಳು, ಅವಳಿಗೆ ಹತ್ತು ವರ್ಷ ಒಂದು ವಾರಾಂತ್ಯದಷ್ಟು. ಐವತ್ತು ವರ್ಷ ಬಿಟ್ಟು ಬರುವಾಗ ಹಿಮ್ಮೆಲ್ ಬೋಳುತಲೆಯ ಮುದುಕ, ಸ್ವಲ್ಪದರಲ್ಲೇ ಹೆಣ. ಅವನನ್ನು ಅರಿಯಲು ತಾನು ಪ್ರಯತ್ನವನ್ನೇ ಮಾಡಲಿಲ್ಲ ಎಂದು ಅವನ ಅಂತ್ಯಕ್ರಿಯೆಯಲ್ಲಿ ಅವಳು ಅಳುತ್ತಾಳೆ. ಬಹಳ ಅಧ್ಯಾಯಗಳ ನಂತರ, ಸ್ಟಾರ್ಕ್ ಎಂಬ ಹುಡುಗ ಅರ್ಥ ಗೊತ್ತಿಲ್ಲದೆ ಫೆರ್ನ್‌ಗೆ ಕೊಟ್ಟ ಬಳೆಯ ಮೇಲಿನ ತಾವರೆಯ ಚಿತ್ತಾರದ ಮಾತು ಬರುತ್ತದೆ. ಆ ಲೋಕದಲ್ಲಿ ಅದು ಮುಗಿಯದ ಪ್ರೀತಿಯ ಗುರುತು. ಅದೇ ಚಿತ್ತಾರದ ಉಂಗುರವನ್ನು ಹಿಂದೊಮ್ಮೆ ಹಿಮ್ಮೆಲ್ ಮಂಡಿಯೂರಿ ಫ್ರೀರೆನ್‌ಳ ಬೆರಳಿಗೆ ತೊಡಿಸಿದ್ದ. ಅವಳಿಗೆ ಆಗ ಅದು ಬರೀ ಉಂಗುರ.

ಇಲ್ಲೂ ಮಾತು ತಲುಪಲಿಲ್ಲ. ಆದರೆ ಇಲ್ಲಿ ತಲುಪದಿದ್ದಕ್ಕೆ ಬೆಲೆಯಿದೆ. ಯಾರೂ ಎರಡನೇ ಅವಕಾಶ ಕೊಡುವುದಿಲ್ಲ, ಅವನು ಮಣ್ಣಾಗಿದ್ದಾನೆ. ವಾರದ ಪ್ರೇಮಕಥೆಗಳಲ್ಲಿ ಕಾಲ ಪುಕ್ಕಟೆ. ಹುಡುಗನಿಗೆ ಎಷ್ಟು ಹಬ್ಬ ಬೇಕಾದರೂ ಸಿಗುತ್ತದೆ. ಕಾಲ ಪುಕ್ಕಟೆಯಾದಲ್ಲಿ ಮೌನ ಒಳ್ಳೆಯತನದಂತೆ ಕಾಣುತ್ತದೆ. ಹದಿನಾರರ ಓದುಗರು ಒನೊದೆರಾಳಿಂದ ಕಲಿಯುವುದು ಇದನ್ನೇ: ಒಳ್ಳೆಯ ಹುಡುಗಿ ಕಾಯುತ್ತಾಳೆ, ಒಳ್ಳೆಯ ಹುಡುಗ ಹೇಳದೆ ಸಹಿಸುತ್ತಾನೆ, ಎದುರಿನವರು ತಾವಾಗಿಯೇ ಊಹಿಸಿಕೊಳ್ಳಬೇಕು. ಹೀಗೆ ಊಹಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡವರಿಗೆ ಎದುರಿನವರ ಬಾಯಿಂದ ನೇರವಾಗಿ ಬರುವ ‘ಬೇಡ’ವೂ ಕೇಳಿಸದೆ ಹೋಗುವ ಅಪಾಯವಿದೆ.

ಎಲ್ಲ ಫ್ಯಾಂಟಸಿಗೂ ಈ ಹೊಗಳಿಕೆ ಸಲ್ಲದು. ಈಗ ಅಂಗಡಿ ತುಂಬಿರುವುದು ‘ಖಳನಾಯಕಿಯಾಗಿ ಮರುಹುಟ್ಟು’ ಮಾದರಿ. ಅದನ್ನು ಮನೆಮಾತಾಗಿಸಿದ ‘ಮೈ ನೆಕ್ಸ್ಟ್ ಲೈಫ್ ಆಸ್ ಎ ವಿಲನೆಸ್’ನಲ್ಲಿ ಕ್ಯಾಟರೀನಾಗೆ ತಾನಿರುವುದು ಹಿಂದಿನ ಜನ್ಮದಲ್ಲಿ ಆಡಿದ ವಿಡಿಯೊ ಗೇಮಿನೊಳಗೆ ಎಂದು ಗೊತ್ತು. ಆ ಆಟದ ಪ್ರಕಾರ ತನ್ನ ಗತಿ ಗಡೀಪಾರು ಇಲ್ಲವೇ ಸಾವು. ತಪ್ಪಿಸಿಕೊಳ್ಳಲು ಅವಳು ಬೇಸಾಯ ಕಲಿಯುತ್ತಾಳೆ! ಮೊದಲ ಭಾಗದ ಈ ತುಂಟತನ ಚೆನ್ನಾಗಿದೆ. ಆದರೆ ಸುತ್ತಲಿನ ಗಂಡು ಹೆಣ್ಣು ಎಲ್ಲರೂ ಅವಳಿಗೆ ಮನಸೋತ ಮೇಲೂ ಅವಳಿಗೆ ಮಾತ್ರ ಅದು ಗೊತ್ತಾಗುವುದಿಲ್ಲ. ಬಾಣಬಿರುಸನ್ನು ಅವಳ ಕಿವಿಯೊಳಗೇ ಖಾಯಂ ಆಗಿ ಇಟ್ಟಂತಾಯಿತು. ಇವಳ ಹಿಂದೆ ಬಂದ ಎಷ್ಟೋ ನಾಯಕಿಯರಿಗೆ ಈ ತುಂಟತನವೂ ಇಲ್ಲ; ಯಾರು ಒಳ್ಳೆಯವರು, ಯಾರು ಮೋಸ ಮಾಡುತ್ತಾರೆ ಎಂಬ ಪಟ್ಟಿ ಕೈಯಲ್ಲಿ ಹಿಡಿದೇ ಹುಟ್ಟುತ್ತಾರೆ.

ಮಿಜುಹೊ ಕುಸನಾಗಿಯವರ ‘ಯೋನಾ ಆಫ್ ದಿ ಡಾನ್’ 2009ರಲ್ಲಿ ಶುರುವಾದಾಗ ರಾಜಕುಮಾರಿಯ ಕೈಯಲ್ಲಿ ಅಂಥ ಪಟ್ಟಿ ಇರಲಿಲ್ಲ. ತನ್ನ ಹದಿನಾರನೇ ಹುಟ್ಟುಹಬ್ಬದ ರಾತ್ರಿ, ತಾನು ಪ್ರೀತಿಸಿದ ದಾಯಾದಿಯೇ ಅಪ್ಪನನ್ನು ಕೊಲ್ಲುವುದನ್ನು ಅವಳು ಕಣ್ಣಾರೆ ಕಾಣುತ್ತಾಳೆ. ಅವನ ಬಗ್ಗೆ ದ್ವೇಷ ಬೆಳೆದರೂ ಹಳೆಯ ಒಲವು ಒಂದೇ ದಿನಕ್ಕೆ ಸಾಯುವುದಿಲ್ಲ. ಅವನು ಕೆಟ್ಟ ರಾಜನೂ ಅಲ್ಲ. ಜೊತೆಗೆ ಕಾವಲಿಗ ಹಾಕ್, ತನ್ನ ಪಾಲಿನದನ್ನು ನುಂಗಿಕೊಂಡು ಅವಳೊಂದಿಗೆ ನಡೆಯುವವನು. ಈ ಮೂವರ ನಡುವೆ ಎಷ್ಟು ಸಂಪುಟ ಕಳೆದರೂ ಹೊತ್ತು ಕಳೆಯಲೆಂದು ಬರೆದದ್ದು ಎನಿಸದು.

ಇದು ಬಂದದ್ದು ಹುಡುಗಿಯರ ಪತ್ರಿಕೆಯಲ್ಲಿ. ಹಾಗಾಗಿ ಫ್ಯಾಂಟಸಿ ಪ್ರಿಯರೆಂದು ಕರೆದುಕೊಳ್ಳುವ ಎಷ್ಟೋ ಹುಡುಗರು ಅದನ್ನು ಮುಟ್ಟುವುದೇ ಇಲ್ಲ. ‘ಶೋಜೊ’, ‘ಶೋನೆನ್’ ಎಂಬವು ಪತ್ರಿಕೆ ಯಾರ ಕೈಗೆ ಹೋಗಲೆಂದು ಅಚ್ಚಾಗುತ್ತದೆ ಎಂಬುದರ ಗುರುತು ಮಾತ್ರ. ಆದರೂ ಐದು ಹುಡುಗಿಯರು ಒಬ್ಬನ ಸುತ್ತ ಸುತ್ತುವ ಕಥೆ ಹುಡುಗರ ಪತ್ರಿಕೆಯಲ್ಲಿ ಬಂದರೆ ‘ಕಾಮಿಡಿ’, ಯೋನಾ ಬಿಲ್ಲು ಹಿಡಿದು ಬೆಟ್ಟ ದಾಟಿದರೂ ‘ಹುಡುಗಿಯರ ಓದು’. ತ್ರಿವೇಣಿಯವರ ತಲೆಮಾರಿನ ಬರಹವನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದ ಭಾಷೆಯವರಿಗೆ ಈ ರೋಗ ಹೊಸದಲ್ಲ.

ಹುಡುಗರ ಪತ್ರಿಕೆಯಲ್ಲೂ ಬೇರೆ ಥರ ಆಗಬಹುದು ಎನ್ನಲು ಕೆಂಜಿರೊ ಹತಾರ ‘ತೋನಿಕಾಕು ಕವಾಯಿ’ ಇದೆ. ‘ಶೋನೆನ್ ಸಂಡೇ’ಯಲ್ಲಿ 2018ರಲ್ಲಿ ಶುರುವಾಯಿತು. ನಾಸಾ ಎಂಬ ಹುಡುಗ ತ್ಸುಕಾಸಾಳಿಗೆ ಮನಸ್ಸು ಹೇಳುವುದು ಮೊದಲ ಅಧ್ಯಾಯದಲ್ಲೇ. ಅವಳು ಕೇಳುವುದು ನೇರವಾಗಿ ಮದುವೆ. ಬಿದಿರುಮೆಳೆಯಲ್ಲಿ ಸಿಕ್ಕ ಚಂದ್ರಲೋಕದ ರಾಜಕುಮಾರಿಯ ಹಳೆಯ ಜಪಾನಿ ಕಥೆಯ ನೆರಳು, ಸಾವಿಲ್ಲದ ಬದುಕಿನ ಒಗಟು ಹಿಂದೆ ಎಲ್ಲೋ ಕಾದು ನಿಂತಿವೆ. ಮುಂದೆ ಇರುವುದು ಮಾತ್ರ ಕಚೇರಿಯಲ್ಲಿ ಮದುವೆಯ ಅರ್ಜಿ ಕೊಡುವುದು, ಸ್ನಾನದಮನೆ ಇಲ್ಲದ ಪುಟ್ಟ ಮನೆಯಿಂದ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗುವುದು, ಮನೆಯಲ್ಲಿ ಒಬ್ಬರಿಗೇ ಹಾಸಿಗೆ ಇರುವುದರಿಂದ ಇನ್ನೊಂದು ಕೊಳ್ಳಲು ಇಬ್ಬರೂ ಅಂಗಡಿಗೆ ಹೊರಡುವುದು.