ರೀಲ್ಸ್ ಸಾಕು ಎನ್ನುವವರಿಗೆ

ಕಾಲೇಜು ಹುಡುಗ ಹುಡುಗಿಯರಿಗೆಂದು ಕನ್ನಡದಲ್ಲೊಂದು ಪ್ರವಾಸದ ವೆಬ್‌ಸೈಟ್ ಮಾಡುತ್ತೇವೆ, ಇನ್‌ಸ್ಟಾಗ್ರಾಂ, ಯೂಟ್ಯೂಬಿನಲ್ಲೂ ಇರುತ್ತೇವೆ ಎಂದಿದ್ದೇ ತಡ, ತಕರಾರುಗಳು ಶುರುವಾದವು. ಕೆಲವುಗಳಲ್ಲಿ ಹುರುಳಿದೆ. ಉತ್ತರಿಸದೆ ಕೆಲಸಕ್ಕೆ ಇಳಿಯುವುದು ಬೇಡ.

"ಈಗ ವೆಬ್‌ಸೈಟ್ ಯಾರು ನೋಡ್ತಾರೆ? ಇನ್‌ಸ್ಟಾ ಸಾಕು" ಎನ್ನುವವರೇ ಹೆಚ್ಚು. ಸೋಮನಾಥಪುರವನ್ನೇ ತೆಗೆದುಕೊಳ್ಳಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ ದೇವಸ್ಥಾನ, ರೀಲ್ಸ್‌ಗೇನೂ ಬರವಿಲ್ಲ. ನಕ್ಷತ್ರಾಕಾರದ ಜಗತಿ, ಹಿನ್ನೆಲೆಗೊಂದು ಹಾಡು, ಮುಗಿಯಿತು. ಜೇಬಲ್ಲಿ ಐನೂರು ರೂಪಾಯಿ ಇಟ್ಟುಕೊಂಡು ಹೊರಟವನಿಗೆ ಬೇಕಾದ್ದು ಬೇರೆ: ಮೈಸೂರಿನಿಂದ ಬನ್ನೂರಿಗೆ ಹೋಗಿ ಮುಂದಿನ ಬಸ್ ಎಲ್ಲಿ ಹಿಡಿಯಬೇಕು, ಸಂಜೆ ವಾಪಸ್ ಬರಲು ಕೊನೆಯ ಬಸ್ ಎಷ್ಟು ಹೊತ್ತಿಗೆ. ವೇಳೆ ಬದಲಾದರೆ ಹಳೆಯ ರೀಲ್ ಸುಳ್ಳು ಹೇಳುತ್ತಲೇ ಓಡಾಡುತ್ತದೆ. ಪುಟವನ್ನಾದರೆ ತಿದ್ದಿ, ಯಾವತ್ತು ವಿಚಾರಿಸಿದ್ದೆಂದು ತಾರೀಖು ಹಾಕಬಹುದು. ರೀಲ್ಸ್ ಬೇಡವೆಂದಲ್ಲ, ಕರೆಯುವುದು ಅದರ ಕೆಲಸ, ದಾರಿ ಹೇಳುವುದು ಪುಟದ್ದು.

"ಯುವಕರು ಕನ್ನಡ ಓದಲ್ಲ" ಎಂಬುದು ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಕೂತು ಹೇಳುವ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಿಂಧನೂರಿನ, ಹೊಸದುರ್ಗದ ಹುಡುಗಿ ಗೆಳತಿಯರ ಜೊತೆ ಸಾದಾ ಬಸ್ಸಿನಲ್ಲಿ ಬಿಟ್ಟಿಯಾಗಿ ಊರು ನೋಡಬಹುದು. ರಾಜಹಂಸ ಬಸ್ಸಿಗೆ ಅದು ನಡೆಯುವುದಿಲ್ಲ, ಅಂತರರಾಜ್ಯ ಬಸ್ಸಿಗೂ ಇಲ್ಲ. ಇದನ್ನು ಅವಳಿಗೆ ಇಂಗ್ಲಿಷಿನಲ್ಲಿ ಯಾಕೆ ಹೇಳಬೇಕು?

ನಿಜವಾಗಿ ನಿದ್ದೆಗೆಡಿಸಿದ್ದು ಮೂರನೆಯದು: "ನೀವು ತೋರಿಸಿದ ಜಾಗವೆಲ್ಲ ಹಾಳಾಗುತ್ತದೆ." 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಜನ ಜಾತ್ರೆಯಂತೆ ಸಾಲುಗಟ್ಟಿದ್ದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೆ ಆರು ತಿಂಗಳ ಹಿಂದೆ, ಕೊಲ್ಲೂರಿನ ಅರಿಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತಿದ್ದ ಯುವಕ ಕಾಲು ಜಾರಿ ಕೊಚ್ಚಿಹೋದ. ಗೆಳೆಯ ವಿಡಿಯೊ ಮಾಡುತ್ತಿದ್ದ. ಈ ಆರೋಪವನ್ನು ನಗುತ್ತ ತಳ್ಳಿಹಾಕಲಾಗದು. ಆದರೆ ನಾವು ಸುಮ್ಮನಿದ್ದರೆ ರೀಲ್ಸ್ ನಿಲ್ಲುವುದಿಲ್ಲ. ಕುಮಾರ ಪರ್ವತದ ಗಲಾಟೆಯ ನಂತರ ಅರಣ್ಯ ಇಲಾಖೆ ಟಿಕೆಟ್ ಇಲ್ಲದ ಚಾರಣಕ್ಕೆ ತಡೆ ಹಾಕಿತು, ಅದೇ ವರ್ಷ 'ಅರಣ್ಯ ವಿಹಾರ' ಎಂಬ ಬುಕಿಂಗ್ ತಾಣ ತಂದಿತು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಇಟ್ಟಿತು. ಇದೆಲ್ಲ ಎಷ್ಟು ರೀಲ್ಸ್‌ಗಳಲ್ಲಿ ಕೇಳಿಸುತ್ತದೆ? ನಮ್ಮ ನಿಯಮ ಇಷ್ಟು. ಚಾರಣದ ಪುಟದಲ್ಲಿ ಮೊದಲ ಸಾಲೇ ಟಿಕೆಟ್ಟಿನದು. ಹೆಸರಿಲ್ಲದ ಹಳ್ಳ, ಅಬ್ಬಿಗಳ ಜಾಗವನ್ನು ಗುರುತು ಹಾಕುವುದಿಲ್ಲ, ಕಾಮೆಂಟಿನಲ್ಲಿ ಎಷ್ಟೇ ಗೋಗರೆದರೂ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ನಿಂತ ಚಿತ್ರ, ಎಂಥ ಸೊಗಸಾಗಿದ್ದರೂ, ಕಸದ ಬುಟ್ಟಿಗೆ.

ಸರ್ಕಾರದ ತಾಣವಿದೆಯಲ್ಲ ಎನ್ನುವವರು ಅಲ್ಲಿ ಹಳ್ಳಿ ಬಸ್ಸಿನ ವೇಳೆ ಹುಡುಕಿ ನೋಡಲಿ.

ಕೊನೆಗೆ ದುಡ್ಡು. "ಹೋಟೆಲಿನವರು ಕೊಟ್ಟರೆ ಹೊಗಳ್ತೀರಿ" ಅಂತಾರೆ. ದುಡ್ಡು ಪಡೆದ ಪೋಸ್ಟ್‌ಗೆ ಜಾಹೀರಾತು ಎಂದು ಗುರುತು ಹಾಕಬೇಕೆಂಬ ಮಾರ್ಗಸೂಚಿ 2021ರಿಂದಲೇ ಇದೆ. ಪಾಲಿಸುತ್ತೇವೆ, ಅದೂ ಕನ್ನಡದಲ್ಲಿ, ಮೊದಲ ಸಾಲಲ್ಲೇ. ಆದರೆ ಬಸ್‌ಸ್ಟ್ಯಾಂಡಿಗೆ ಹೋಗಿ ವೇಳೆ ವಿಚಾರಿಸಿ ಬರುವ ಹುಡುಗರಿಗೆ ಓಡಾಟದ ಖರ್ಚನ್ನಾದರೂ ಕೊಡಬೇಕು. ಅದಕ್ಕಿನ್ನೂ ದಾರಿ ಸಿಕ್ಕಿಲ್ಲ. ತಕರಾರು ತೆಗೆದವರಲ್ಲಿ ಯಾರಿಗಾದರೂ ಹೊಳೆದರೆ ತಿಳಿಸಲಿ.