ಪೊಟರೆಯ ಮುಂದೆ ಕ್ಯಾಮೆರಾ ಬೇಡ

ಹಿಂಗಾರು ಮಳೆ ಹಿಂದೆ ಸರಿದು ಮಾರ್ಗಳಿ ಮಾಸ ಕಾಲಿಡುತ್ತಿದ್ದಂತೆ ಚೆನ್ನೈಯಲ್ಲಿ ಎರಡು ಹಂಗಾಮುಗಳು ಒಟ್ಟಿಗೇ ಶುರುವಾಗುತ್ತವೆ. ಮೈಲಾಪುರ, ತ್ಯಾಗರಾಯನಗರದ ಸಭಾಗಳಲ್ಲಿ ನಡೆಯುವ ಸಂಗೀತ ಕಛೇರಿಗಳ ಹಂಗಾಮು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಅಡ್ಯಾರ್, ಗಿಂಡಿ, ತಾಂಬರಂ ಕಡೆಯ ಹಳೆಯ ಮರಗಳ ಪೊಟರೆಗಳಲ್ಲಿ ಹಾಲಕ್ಕಿಗಳು ಸಂಸಾರ ಹೂಡುತ್ತವೆ. ಮಳೆ ತೊಳೆದ ತಿಳಿ ಬೆಳಕು, ಹಿತವಾದ ಹವೆ, ವರ್ಷಾಂತ್ಯದ ರಜೆ ಎಲ್ಲವೂ ಕೂಡಿಬರುವುದರಿಂದ ಉದ್ದ ಲೆನ್ಸ್ ಹೆಗಲಿಗೇರಿಸಿದ ಛಾಯಾಗ್ರಾಹಕರು ಹೊರಬೀಳುವುದೂ ಇದೇ ದಿನಗಳಲ್ಲಿ. ಹಕ್ಕಿಯ ಬಾಣಂತನ ಮತ್ತು ಕ್ಯಾಮೆರಾದ ಸುಗ್ಗಿ ಒಂದೇ ಮರದ ಬುಡದಲ್ಲಿ ಎದುರುಬದುರಾಗುತ್ತವೆ.

ಹಾಲಕ್ಕಿ ಗೇಣುದ್ದದ ಗೂಬೆ. ಉದ್ದ ಸುಮಾರು 21 ಸೆಂ.ಮೀ. ಬೂದುಗಂದು ಮೈತುಂಬ ಬಿಳಿ ಚುಕ್ಕೆ, ಹಳದಿ ಕಣ್ಣು, ಕಣ್ಣಿನ ಮೇಲೆ ಬಿಳಿ ಹುಬ್ಬು. ನಸುಕಿನಲ್ಲಿ ಮನೆಬಾಗಿಲಿಗೆ ಬರುವ ಬುಡುಬುಡಿಕೆಯವರು ‘ಹಾಲಕ್ಕಿ ನುಡೀತೈತೆ’ ಎಂದು ಶಕುನ ಹೇಳುವ ವಾಡಿಕೆಯಿಂದ ಕನ್ನಡಿಗರಿಗೆ ಇದರ ಹೆಸರು ಚಿರಪರಿಚಿತ. ಡಚ್ ಪ್ರಾಣಿಶಾಸ್ತ್ರಜ್ಞ ಟೆಮ್ಮಿಂಕ್ 1821ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಅವನು ಅಧ್ಯಯನ ಮಾಡಿದ ಮಾದರಿ ಹೋದದ್ದು ಚೆನ್ನೈಯಿಂದ ಅರ್ಧ ದಿನದ ಹಾದಿಯೂ ಇಲ್ಲದ ಪುದುಚೇರಿಯಿಂದ. ಹಾಗಾಗಿ ಈ ಕರಾವಳಿಯೇ ಅದರ ತವರು ಎಂದರೂ ತಪ್ಪಾಗದು.

ಉಳಿದ ಗೂಬೆಗಳು ಹಗಲೆಲ್ಲ ಎಲೆಮರೆಯಲ್ಲಿ ಅಡಗಿದ್ದರೆ, ಹಾಲಕ್ಕಿ ಪೊಟರೆಯ ಬಾಯಿಗೆ ಬಂದು ಎಳೆಬಿಸಿಲು ಕಾಯಿಸುತ್ತದೆ. ಚಿತ್ರ ತೆಗೆಯುವವರಿಗೆ ಇದು ಸುಲಭವಾಗಿ ಸಿಗುವುದು ಅದಕ್ಕೇ. ಯಾರಾದರೂ ತೀರ ಹತ್ತಿರ ಹೋದರೆ ಎವೆಯಿಕ್ಕದೆ ದಿಟ್ಟಿಸುತ್ತ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತದೆ. ಮೊಬೈಲ್ ಪರದೆಯ ಮೇಲೆ ಮುದ್ದಾಗಿ ಕಾಣುವ ಆ ಕುಣಿತ, ಹಕ್ಕಿ ಎದುರಿಗಿರುವವರನ್ನು ಅನುಮಾನದಿಂದ ಅಳೆಯುತ್ತಿದೆ ಎಂಬುದರ ಗುರುತು. ಅದು ಕಂಡ ಕೂಡಲೇ ಹಿಂದೆ ಸರಿಯಬೇಕು. ಬಹಳಷ್ಟು ಮಂದಿ ಆಗಲೇ ಇನ್ನೆರಡು ಹೆಜ್ಜೆ ಮುಂದಿಡುತ್ತಾರೆ.

ಆ ಎರಡು ಹೆಜ್ಜೆಗೆ ತೆರುವ ಬೆಲೆ ಚಿತ್ರದಲ್ಲಿ ಕಾಣುವುದಿಲ್ಲ. ಬೆದರಿ ಹಗಲಲ್ಲಿ ಹಾರಿದ ಹಾಲಕ್ಕಿಯ ಮೇಲೆ ಕಾಗೆಗಳು ಮುಗಿಬೀಳುತ್ತವೆ, ಮೈನಾಗಳು ಸೇರಿಕೊಳ್ಳುತ್ತವೆ. ಚೆನ್ನೈಯಲ್ಲಿ ಕಾಗೆಗಳಿಗೇನೂ ಬರವಿಲ್ಲ. ಮೊಟ್ಟೆಯ ಕಾಲದಲ್ಲಿ ಸಂಕಟ ಇನ್ನೂ ಹೆಚ್ಚು. ಹಾಲಕ್ಕಿ ಸಾಮಾನ್ಯವಾಗಿ ಮೂರು, ನಾಲ್ಕು ಮೊಟ್ಟೆ ಇಡುತ್ತದೆ. ಮೊದಲ ಮೊಟ್ಟೆ ಇಟ್ಟಾಗಿನಿಂದಲೇ ಕಾವು ಕೊಡಲು ಕೂರುವುದರಿಂದ ಮರಿಗಳು ಒಂದೇ ದಿನ ಒಡೆದು ಬರುವುದಿಲ್ಲ. ಒಂದೇ ಗೂಡಿನಲ್ಲಿ ದೊಡ್ಡದು, ಚಿಕ್ಕದು, ತೀರ ಚಿಕ್ಕದು ಎಂದು ಸಾಲಾಗಿರುತ್ತವೆ. ಆಹಾರ ಕಡಿಮೆಯಾದರೆ ಮೊದಲು ಸಾಯುವುದು ಕೊನೆಯ ಮರಿ. ಮುಸ್ಸಂಜೆ ಮರದ ಬುಡದಲ್ಲಿ ಟ್ರೈಪಾಡ್‌ಗಳು ಸಾಲುಗಟ್ಟಿ ನಿಂತಾಗ, ಜೀರುಂಡೆಯನ್ನೋ ಹಲ್ಲಿಯನ್ನೋ ಕೊಕ್ಕಿನಲ್ಲಿ ಹಿಡಿದ ಗಂಡು ಪಕ್ಕದ ಮರದಲ್ಲೇ ಕಾಯುತ್ತ ಕೂರುತ್ತದೆ. ಅದು ಕಾಯುವ ಪ್ರತಿ ನಿಮಿಷವೂ ಆ ಕೊನೆಯ ಮರಿಯ ಪಾಲಿನಿಂದ ಕಳೆದುಹೋಗುತ್ತದೆ.

ಬೇರೆ ಪೊಟರೆ ಹುಡುಕಿಕೊಳ್ಳಲಿ ಎನ್ನುವವರು 2016ರ ಡಿಸೆಂಬರ್ 12ನ್ನು ನೆನಪಿಸಿಕೊಳ್ಳಬೇಕು. ಅಂದು ವರ್ದಾ ಚಂಡಮಾರುತ ಚೆನ್ನೈಯ ಸಾವಿರಾರು ಮರಗಳನ್ನು ಬುಡಮೇಲು ಮಾಡಿತು. ಬಿದ್ದವುಗಳಲ್ಲಿ ದಶಕಗಳಿಂದ ಬೆಳೆದ ದೊಡ್ಡ ಮರಗಳೂ ಬಹಳ ಇದ್ದವು. ಸಸಿ ನೆಟ್ಟರೆ ಐದಾರು ವರ್ಷಕ್ಕೆ ನೆರಳು ಬಂದೀತು, ಪೊಟರೆ ಬಾರದು. ಕೊಂಬೆ ಮುರಿದು, ತಿರುಳು ಕೊಳೆತು, ಒಳಗೆ ಹಕ್ಕಿ ಕೂರುವಷ್ಟು ಜಾಗವಾಗಲು ಹತ್ತಾರು ವರ್ಷ ಬೇಕು. ಉಳಿದಿರುವ ಪೊಟರೆಗಳಿಗೆ ಗಿಳಿ, ಮೈನಾಗಳ ಪೈಪೋಟಿಯೂ ಇದೆ.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬುದಕ್ಕೆ ಕೊಡುವ ವಿವರಣೆಯಲ್ಲಿ ಕೊಲ್ಲುವುದು, ಹಿಡಿಯುವುದರ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆ. ಬಂದೂಕು ಹಿಡಿಯದವರೂ ಬೇಟೆಯ ವ್ಯಾಖ್ಯೆಯೊಳಗೆ ಬರಬಹುದು. ಹಕ್ಕಿ ಚಿತ್ರಣ ಕಲಿಸುವ ಪ್ರತಿ ಶಿಬಿರದ ಮೊದಲ ಪಾಠ ಇದೇ ಆಗಬೇಕು; ಷಟರ್ ವೇಗದ ಪಾಠ ಆಮೇಲೆ ಬರಲಿ.

ಗೂಡಿನ ಹತ್ತಿರ ಹೋದರೆ ಏನಾಗಬಹುದು ಎಂಬುದಕ್ಕೆ ಛಾಯಾಗ್ರಹಣದ ಚರಿತ್ರೆಯಲ್ಲೇ ಒಂದು ಕಹಿ ಪ್ರಸಂಗವಿದೆ. ಬ್ರಿಟನ್ನಿನ ಎರಿಕ್ ಹಾಸ್ಕಿಂಗ್ ಇಪ್ಪತ್ತನೆಯ ಶತಮಾನದ ಹೆಸರಾಂತ ಹಕ್ಕಿ ಛಾಯಾಗ್ರಾಹಕ. 1937ರಲ್ಲಿ ವೇಲ್ಸ್‌ನಲ್ಲಿ ಕಂದು ಗೂಬೆಯೊಂದರ ಗೂಡಿನ ಬಳಿ ಕಟ್ಟಿದ್ದ ಮರೆತಾಣಕ್ಕೆ ಕತ್ತಲಲ್ಲಿ ಏರುವಾಗ ಗೂಬೆ ಎರಗಿ ಅವರ ಎಡಗಣ್ಣಿಗೆ ಉಗುರು ಹಾಕಿತು. ಕಣ್ಣು ಹೋಯಿತು. ಅವರು ಹಕ್ಕಿಯನ್ನು ದೂರದೆ, ಉಳಿದ ಒಂದು ಕಣ್ಣಿನಿಂದಲೇ ಬಾಳಿನುದ್ದಕ್ಕೂ ಗೂಬೆಗಳ ಚಿತ್ರ ತೆಗೆದರು. ಆ ಕಾಲದ ಫಿಲ್ಮಿಗೆ ಬೆಳಕು ಸಾಲುತ್ತಿರಲಿಲ್ಲ, ಲೆನ್ಸ್‌ಗಳಿಗೆ ದೂರ ಸಿಗುತ್ತಿರಲಿಲ್ಲ. ಹತ್ತಿರ ಹೋಗದೆ ವಿಧಿಯಿರಲಿಲ್ಲ. ಇಂದು 600 ಎಂ.ಎಂ. ಲೆನ್ಸ್, ಸದ್ದಿಲ್ಲದ ಷಟರ್, ಮಬ್ಬಿನಲ್ಲೂ ಚಿತ್ರ ಹಿಡಿಯುವ ಸೆನ್ಸರ್ ಕೈಯಲ್ಲಿವೆ. ಇಷ್ಟಿದ್ದೂ ಪೊಟರೆಯ ಬಾಯಿಗೆ ಹೋಗಿ ನಿಲ್ಲುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಫ್ಲ್ಯಾಷ್ ಮಾತೂ ಅಷ್ಟೇ. ಗೂಬೆಯ ಕಣ್ಣು ಮಂದ ಬೆಳಕಿಗೆ ಹೊಂದಿಕೊಂಡದ್ದು. ಮುಖಕ್ಕೇ ಬಡಿದ ಮಿಂಚಿನಿಂದ ಚೇತರಿಸಿಕೊಂಡು ಮತ್ತೆ ಕತ್ತಲಿಗೆ ಹೊಂದಲು ಅದಕ್ಕೆ ಹೊತ್ತು ಬೇಕು. ರಾತ್ರಿ ಚಿತ್ರೀಕರಣಕ್ಕೆ ಬೇರೆ ದಾರಿಯಿದೆ. ಗೂಬೆಗಳು ಇಲಿಯ ಮೈಶಾಖವನ್ನು ಅತಿಗೆಂಪು ಬೆಳಕಿನಲ್ಲಿ ಕಂಡು ಬೇಟೆಯಾಡುತ್ತವೆ ಎಂಬ ಊಹೆಯೊಂದು ಹಿಂದೆ ಇತ್ತು. 1940ರಲ್ಲಿ ಹೆಕ್ಟ್ ಮತ್ತು ಪಿರೆನ್ ಎಂಬ ವಿಜ್ಞಾನಿಗಳು ಉದ್ದಕಿವಿಯ ಗೂಬೆಯ ಮೇಲೆ ಪ್ರಯೋಗ ಮಾಡಿ, ಅದಕ್ಕೆ ಅತಿಗೆಂಪು ಕಾಣುವುದಿಲ್ಲ ಎಂದು ತೋರಿಸಿದರು. ಹಾಗಾಗಿ ಅತಿಗೆಂಪು ದೀಪವಿರುವ ಪುಟ್ಟ ಕ್ಯಾಮೆರಾವನ್ನು ಗೂಡು ಹೂಡುವ ಮೊದಲೇ ಅಳವಡಿಸಿ ಬಿಟ್ಟರೆ ರಾತ್ರಿಯಿಡೀ ಚಿತ್ರೀಕರಣ ನಡೆದೀತು. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಟೆಕ್ಸಾಸ್‌ನ ಕಣಜದ ಗೂಬೆಗಳ ಗೂಡನ್ನು ಇಂಥ ಕ್ಯಾಮೆರಾದ ಮೂಲಕ ಜಗತ್ತಿಗೇ ನೇರವಾಗಿ ತೋರಿಸಿದೆ. ಅಡ್ಯಾರ್, ಗಿಂಡಿ ಕಡೆಯ ದೊಡ್ಡ ಕ್ಯಾಂಪಸ್ಸುಗಳಲ್ಲಿ ಒಂದಾದರೂ ಇದನ್ನು ಕೈಗೆತ್ತಿಕೊಂಡರೆ, ಐವತ್ತು ಮಂದಿ ಐವತ್ತು ಸಲ ಮರದ ಬುಡಕ್ಕೆ ಹೋಗುವುದು ತಪ್ಪುತ್ತದೆ.

ಮೊಬೈಲಿನಲ್ಲಿ ಗೂಬೆಯ ಕೂಗು ಹಚ್ಚಿ ಹಕ್ಕಿಯನ್ನು ಹೊರಗೆಳೆಯುವ ಚಾಳಿಯನ್ನಂತೂ ಪೂರ್ತಿ ಬಿಡಬೇಕು. ಪರಕೀಯ ಗಂಡೊಂದು ತನ್ನ ಎಲ್ಲೆಗೆ ನುಗ್ಗಿದೆ ಎಂದೇ ಹಾಲಕ್ಕಿ ಅದನ್ನು ತಿಳಿಯುತ್ತದೆ. ಬೇಟೆಯ ಹೊತ್ತನ್ನು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆಯುತ್ತದೆ.

ಚಿತ್ರಗಳಿಂದಲೇ ಜನಕ್ಕೆ ಗೂಬೆಯ ಮೇಲಿನ ಭಯ ಹೋಗಿ ಪ್ರೀತಿ ಹುಟ್ಟುತ್ತಿದೆ, ವಿಜ್ಞಾನಕ್ಕೂ ದಾಖಲೆ ಸಿಗುತ್ತಿದೆ ಎಂಬ ವಾದವಿದೆ. ಅದರಲ್ಲಿ ಹುರುಳಿದೆ. ಹಾಲಕ್ಕಿಯ ಹತ್ತಿರದ ನೆಂಟನಾದ ಕಾಡುಗೂಬೆಯೊಂದು 1884ರ ನಂತರ ಯಾರಿಗೂ ಸಿಕ್ಕಿರಲಿಲ್ಲ. 1914ರಲ್ಲಿ ತಾನು ಅದನ್ನು ಗುಜರಾತಿನಲ್ಲಿ ಹೊಡೆದೆನೆಂದು ಕರ್ನಲ್ ಮೈನರ್ಟ್ಸ್‌ಹ್ಯಾಗನ್ ಹೇಳಿಕೊಂಡಿದ್ದ. ಅದು ಹಳೆಯ ಮಾದರಿಯನ್ನು ಕದ್ದು ಹೊಸ ಚೀಟಿ ಕಟ್ಟಿದ ಮೋಸ ಎಂಬುದನ್ನು ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಬಯಲಿಗೆಳೆದರು. 1997ರ ನವೆಂಬರಿನಲ್ಲಿ ಅವರೂ ಬೆನ್ ಕಿಂಗ್, ಡೇವಿಡ್ ಅಬಟ್ ಅವರೂ ಮಹಾರಾಷ್ಟ್ರದ ಶಹಾದಾ ಸಮೀಪ ಜೀವಂತ ಹಕ್ಕಿಯನ್ನೇ ಕಂಡರು. ಅದನ್ನು ಕೊಲ್ಲದೆ, ಫೋಟೊ ಮತ್ತು ವಿಡಿಯೊಗಳನ್ನೇ ಸಾಕ್ಷಿಯಾಗಿ ಲೋಕದ ಮುಂದಿಟ್ಟರು. ಬಂದೂಕು ಮಾಡುತ್ತಿದ್ದ ಕೆಲಸವನ್ನು ಕ್ಯಾಮೆರಾ ಮಾಡಿತು. ಕ್ಯಾಮೆರಾದ ಆ ಘನತೆಯನ್ನು ಕಾಯಬೇಕಾದವರು ಅದನ್ನು ಹಿಡಿದವರೇ.

ಚೆನ್ನೈಗೆ ಆ ಪರಂಪರೆ ಹೊಸದೇನಲ್ಲ. ಮೈಲಾಪುರದಲ್ಲಿ ಬಾಳಿದ ಎಂ. ಕೃಷ್ಣನ್ 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಗೆ ನಿಸರ್ಗದ ಅಂಕಣ ಬರೆದರು. ಹೆಚ್ಚಾಗಿ ಕಪ್ಪುಬಿಳುಪಿನಲ್ಲೇ ಚಿತ್ರ ತೆಗೆದ ಅವರಿಗೆ ಆನೆ, ಕಾಟಿಗಳಷ್ಟೇ ಮನೆಯಂಗಳದ ಕಾಗೆ, ಅಳಿಲುಗಳೂ ಮುಖ್ಯವಾಗಿದ್ದವು. ಅವರು 1942ರಿಂದ 1949ರವರೆಗೆ ನಮ್ಮ ಸಂಡೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದವರು. ಅದೇ ರಾಜಮನೆತನದ ಎಂ.ವೈ. ಘೋರ್ಪಡೆ ಮುಂದೆ ಕರ್ನಾಟಕದ ಹಣಕಾಸು ಸಚಿವರಾದರು, ಒಳ್ಳೆಯ ವನ್ಯಜೀವಿ ಛಾಯಾಗ್ರಾಹಕರೂ ಆದರು. ಅಂಗಳದ ಜೀವಿಯನ್ನು ವರ್ಷಗಟ್ಟಲೆ ತಾಳ್ಮೆಯಿಂದ ಗಮನಿಸಿದ ಕೃಷ್ಣನ್ ಅವರ ಬಗೆ ಹಾಲಕ್ಕಿಗೆ ಹೇಳಿ ಮಾಡಿಸಿದಂತಿದೆ. ಬೀದಿದೀಪದ ಸುತ್ತ ಮುತ್ತುವ ಹುಳುಗಳನ್ನು ಹಾಲಕ್ಕಿ ಹಾರಿ ಹಾರಿ ಹಿಡಿಯುವುದನ್ನು ದೂರದ ಕಾಂಪೌಂಡಿನಿಂದ, ಅದೇ ದೀಪದ ಬೆಳಕಿನಲ್ಲಿ ಚಿತ್ರಿಸಬಹುದು. ಗೂಡಿನ ಮುಂದೆ ತೆಗೆದ ನೂರು ಮುಖಚಿತ್ರಗಳಿಗಿಂತ ಅಂಥ ಒಂದು ವಿಡಿಯೊ ಹಕ್ಕಿಯ ಬದುಕಿನ ಬಗ್ಗೆ ಹೆಚ್ಚು ಹೇಳುತ್ತದೆ.

ಜಾಗದ ಗುಟ್ಟನ್ನೂ ಕಾಯಬೇಕು. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಹೊರತಂದ ವರದಿ ಮಾಟಮಂತ್ರಕ್ಕಾಗಿ ನಡೆಯುವ ಗೂಬೆ ಮಾರಾಟವನ್ನೂ ದೀಪಾವಳಿಯ ಸುತ್ತ ಅದು ಏರುವುದನ್ನೂ ವಿವರಿಸಿತ್ತು. 2018ರಲ್ಲಿ ತೆಲಂಗಾಣದ ಚುನಾವಣೆಯ ಹೊತ್ತಿಗೆ ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಗೂಬೆ ಸಾಗಿಸುತ್ತಿದ್ದವರು ಪೊಲೀಸರ ಕೈಗೆ ಸಿಕ್ಕಿಬಿದ್ದರು. ಚಿತ್ರದ ಜೊತೆ ರಸ್ತೆಯ ಹೆಸರು, ಮರದ ಗುರುತು, ಫೋನು ತಾನಾಗಿ ಸೇರಿಸುವ ಸ್ಥಳದ ವಿವರ ಹಾಕಿದರೆ ಅಂಥವರಿಗೂ ದಾರಿ ತೋರಿಸಿದಂತಾಗುತ್ತದೆ. ‘ಚೆನ್ನೈ’ ಎಂದಷ್ಟೇ ಬರೆದರೆ ಧಾರಾಳ ಸಾಕು.

ಮದ್ರಾಸ್ ನ್ಯಾಚುರಲಿಸ್ಟ್ಸ್ ಸೊಸೈಟಿಯಂಥ, 1978ರಿಂದ ಬಾಳಿ ಬಂದ ಸಂಘಟನೆ ಈ ನಗರದಲ್ಲಿದೆ. ಫೋಟೊ ಕ್ಲಬ್ಬುಗಳು, ಕಾಲೇಜುಗಳ ನಿಸರ್ಗ ಕೂಟಗಳು ಇವೆ. ಸರ್ಕಾರದ ಆದೇಶಕ್ಕೆ ಕಾಯದೆ ಇವರೆಲ್ಲ ಕೂತು ಒಂದು ನಿಯಮ ಮಾಡಿಕೊಳ್ಳಬಹುದು. ಹಾಲಕ್ಕಿ ಮರಿ ಮಾಡುವುದು ಹೆಚ್ಚಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ಪೊಟರೆಯ ಮುಂದೆ ತೆಗೆದ ಯಾವ ಗೂಬೆ ಚಿತ್ರವನ್ನೂ ವಿಡಿಯೊವನ್ನೂ ಸ್ಪರ್ಧೆಗೆ, ಪ್ರದರ್ಶನಕ್ಕೆ ಸ್ವೀಕರಿಸುವುದಿಲ್ಲ ಎಂದು ಮುಂದಿನ ಪ್ರಕಟಣೆಯಲ್ಲೇ ಸೇರಿಸಲಿ. ಬಹುಮಾನದ ಆಸೆ ಹೋದರೆ ಮರದ ಬುಡದ ಗುಂಪು ಅರ್ಧಕ್ಕರ್ಧ ಕರಗುತ್ತದೆ.