ಬೆನ್ನು ಬಾಗಿದರೆ ಆಟ ಬಿಡಬೇಕೆ?

ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ಸ್ವಲ್ಪ ತಿರುಚಿಕೊಳ್ಳುವುದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಅಳೆದಾಗ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಹೆಸರು. ಹದಿಹರೆಯದವರಲ್ಲಿ ನೂರಕ್ಕೆ 2-3 ಮಂದಿಗೆ ಇದು ಇರುತ್ತದೆ. ಅಂದರೆ ನಮ್ಮ ಕಾಲೇಜಿನಲ್ಲೂ ಕೆಲವರಿಗೆ ಇರಬಹುದು. ಆದರೂ ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಚಿಕ್ಕ ಬಾಗು ಹುಡುಗರಲ್ಲೂ ಹುಡುಗಿಯರಲ್ಲೂ ಹೆಚ್ಚುಕಡಿಮೆ ಸಮ. ಅದು ಬೆಳೆದು ಚಿಕಿತ್ಸೆಯ ಹಂತಕ್ಕೆ ಹೋಗುವುದು ಮಾತ್ರ ಹುಡುಗಿಯರಲ್ಲೇ ಬಹಳ ಹೆಚ್ಚು. ಭಾರದ ಬ್ಯಾಗು, ಕೂರುವ ರೀತಿ ಇದಕ್ಕೆ ಕಾರಣ ಎಂದು ಮನೆಯಲ್ಲಿ ಬೈಯುತ್ತಾರೆ. ಅದು ಸರಿಯಲ್ಲ. ಬಹುಪಾಲು ಮಕ್ಕಳಲ್ಲಿ ನಿಜವಾದ ಕಾರಣ ವೈದ್ಯರಿಗೂ ಗೊತ್ತಾಗಿಲ್ಲ.

ಬಾಗು ಇರುವ ಯುವಕ ಯುವತಿಯರ ಕೈಹಿಡಿತದ ಬಲ ಅಳೆದರೆ ಸಾಮಾನ್ಯವಾಗಿ ಯುವತಿಯರದು ಕಡಿಮೆ ಬರುತ್ತದೆ. ಬೆನ್ನು ನೆಟ್ಟಗಿರುವವರಲ್ಲೂ ಹಾಗೆಯೇ. ಬಂಡವಾಳವೇ ಬೇರೆ ಇರುವ ಎರಡು ಅಂಗಡಿಗಳ ಲಾಭವನ್ನು ಪಕ್ಕಪಕ್ಕ ಇಟ್ಟು ಒಂದನ್ನು ನಷ್ಟದ್ದು ಎನ್ನಲಾಗದು. ಹುಡುಗಿಯ ಬಲವನ್ನು ಅವಳ ವಯಸ್ಸಿನ ಹುಡುಗಿಯರ ಜೊತೆಗೇ ಹೋಲಿಸಬೇಕು. ಇನ್ನೊಂದು ಪ್ರಶ್ನೆಯೂ ಇದೆ. ಬಾಗು ಇದೆ ಎಂದು ಗೊತ್ತಾದ ಕೂಡಲೇ ಅವಳನ್ನು ಪಿ.ಟಿ. ಅವಧಿಯಲ್ಲಿ ಮೂಲೆಯಲ್ಲಿ ಕೂರಿಸಿದರೆ ಸ್ನಾಯುಗಳು ಬಲಗೊಳ್ಳುವುದು ಹೇಗೆ? ಆ ದೌರ್ಬಲ್ಯ ಬೆನ್ನು ಕೊಟ್ಟದ್ದೋ, ನಾವು ಕೊಟ್ಟದ್ದೋ? ಉಸೇನ್ ಬೋಲ್ಟ್ ಅವರಿಗೂ ಸ್ಕೋಲಿಯೋಸಿಸ್ ಇದೆ. 100 ಮೀಟರ್ ಓಟವನ್ನು 9.58 ಸೆಕೆಂಡಿನಲ್ಲಿ ಮುಗಿಸಿದ್ದು ಅದೇ ಬೆನ್ನಿನಿಂದ.

ನಮ್ಮ ಸಮಾಜದಲ್ಲಿ ಇದನ್ನು ಮುಚ್ಚಿಡಲು ದೊಡ್ಡ ಕಾರಣ ರಿಶ್ತಾ. ಹೊರಗೆ ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯ. ಸಡಿಲ ಬಟ್ಟೆಯೊಳಗೆ ಬಾಗು ಅಮ್ಮನ ಕಣ್ಣಿಗೂ ಬೀಳದೆ ಹೋಗಬಹುದು. ಆದರೆ ಕಾಯಲು ಸಮಯವಿಲ್ಲ. ಬೆನ್ನಿಗೆ ಕಟ್ಟುವ ಬ್ರೇಸ್ ಕೆಲಸ ಮಾಡುವುದು ಎಲುಬು ಬೆಳೆಯುತ್ತಿರುವಾಗ ಮಾತ್ರ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾ ಅಧ್ಯಯನವೊಂದರಲ್ಲಿ ಬ್ರೇಸ್ ಧರಿಸಿದವರಲ್ಲಿ ಶೇಕಡಾ 72 ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಹೋಗಲಿಲ್ಲ. ಧರಿಸದವರಲ್ಲಿ ಇದು 48.

ಪಿ.ಯು.ಗೆ ಬರುವ ಹೊತ್ತಿಗೆ ಹೆಚ್ಚಿನ ಹುಡುಗಿಯರ ಬೆಳವಣಿಗೆ ಮುಗಿದಿರುತ್ತದೆ. ಆದ್ದರಿಂದ ತಪಾಸಣೆ ಶಾಲೆಯಲ್ಲೇ ನಡೆಯಬೇಕು. ಹುಡುಗಿಯರಿಗೆ 10 ಮತ್ತು 12ನೇ ವಯಸ್ಸಿನಲ್ಲಿ, ಹುಡುಗರಿಗೆ 13 ಅಥವಾ 14ರಲ್ಲಿ ಎಂದು ಮೂಳೆತಜ್ಞರ ಸಂಘಗಳು ಹೇಳುತ್ತವೆ. ಇದಕ್ಕೆ ದುಡ್ಡು ಬೇಕಿಲ್ಲ. ಎರಡೂ ಕೈ ಜೋಡಿಸಿ ಮುಂದಕ್ಕೆ ಬಾಗಿದಾಗ ಬೆನ್ನಿನ ಒಂದು ಬದಿ ಎತ್ತರವಾಗಿ ಕಂಡರೆ ವೈದ್ಯರಿಗೆ ತೋರಿಸಬೇಕು, ಅಷ್ಟೇ. ಪರದೆಯ ಹಿಂದೆ, ತರಬೇತಿ ಪಡೆದ ಮಹಿಳೆಯೇ ಹುಡುಗಿಯರನ್ನು ನೋಡಿದರೆ ಯಾವ ತಂದೆತಾಯಿಯೂ ಬೇಡ ಎನ್ನಲಾರರು.

ಆಡಳಿತ ಮಂಡಳಿಯವರಲ್ಲಿ ಎರಡು ವಿನಂತಿ: ಸುತ್ತಲಿನ ಶಾಲೆಗಳ ಮಕ್ಕಳಿಗೆ ಈ ವರ್ಷವೇ ಒಂದು ತಪಾಸಣಾ ಶಿಬಿರ ನಡೆಸಿ. ನಮ್ಮಲ್ಲಿ ಯಾರಿಗಾದರೂ ಬಾಗು ಇದ್ದರೆ, ವೈದ್ಯರೇ ಬೇಡ ಎನ್ನುವವರೆಗೆ ಅವರನ್ನು ಆಟದಿಂದ ಹೊರಗಿಡಬೇಡಿ.